ಗೊಡ್ಡೀಚಲಿನ ಬಸಿರು

ಬಾಲ್ಯದ ಬಗ್ಗೆ ಬರಿ ಅಂದರೆ ನನ್ನ ಹತ್ತಿರ ಅಷ್ಟು ಸರಕಿಲ್ಲ. ಏಳು ವರ್ಷಕ್ಕೆ ಎಮ್ಮೆಗಳ ಹಿಂದೆ ಹೋದೆ, ನಾಲ್ಕನೇ ಕ್ಲಾಸು ಮುಗಿಯುತ್ತಲೇ ಸ್ಲೇಟನ್ನು ತಮ್ಮನ ಕೈಗೆ ಕೊಟ್ಟೆ, ಹದಿನಾರಕ್ಕೆ ಹಂಗಳದ ಈ ಮನೆಗೆ ಸೊಸೆಯಾಗಿ ಬಂದೆ. ಆಡುವುದು, ಹಟ ಮಾಡುವುದು, ಇದು ಯಾಕೆ ಹಿಂಗೆ ಅದು ಯಾಕೆ ಹಂಗೆ ಅಂತ ದೊಡ್ಡವರ ತಲೆ ತಿನ್ನುವುದು, ಮಕ್ಕಳು ಮಾಡುವ ಈ ಕೆಲಸಗಳನ್ನೆಲ್ಲ ನಾನು ಮಾಡಿದ್ದು ಐವತ್ತೈದು ದಾಟಿದ ಮೇಲೆ, ಮೊಮ್ಮಗಳು ಸಿಂಧುವಿನ ಜೊತೆ. ಹಾಗಾಗಿ ನನ್ನ ಬಾಲ್ಯದ ಮನೆ ಅಂದರೆ ತವರಲ್ಲ, ಇದೇ. ಸಿಂಧುಗೆ ಹನ್ನೆರಡು ತುಂಬಿದ ಆ ಒಂದೂವರೆ ವರ್ಷ ನಾನೂ ಹನ್ನೆರಡು ವರ್ಷದವಳೇ ಆಗಿದ್ದೆ. ನೆನೆಸಿಕೊಂಡರೆ ಈಗಲೂ ಎದೆಯೊಳಗೆ ಹಾಲು ಉಕ್ಕಿದ ಹಾಗಾಗುತ್ತದೆ. ಒಲೆ ಆರಿಸಿದರೂ ಇಳಿಯದ ಹಾಲು ಅದು.

ಬಂಡೀಪುರದ ಕಡೆ ಬಸ್ಸು ಹೋಗುವ ರಸ್ತೆಯಿಂದ ಒಳಗೆ ಎರಡನೇ ಬೀದಿ ನಮ್ಮದು. ಮುಂದೆ ಅಂಗಳ, ಆಮೇಲೆ ಜಗಲಿ, ಜಗಲಿ ದಾಟಿದರೆ ಪಡಸಾಲೆ. ಪಡಸಾಲೆಯ ಒಂದು ಮೂಲೆಗೆ ಟೀವಿ, ಇನ್ನೊಂದು ಮೂಲೆಗೆ ಅರಿಶಿನದ ಮೂಟೆ. ಎಡಕ್ಕೆ ದೇವರ ಕೋಣೆ. ಯಜಮಾನರು ಅಲ್ಲಿ ಕೂತು, ಕೊರಳ ಲಿಂಗವನ್ನು ಅಂಗೈಮೇಲಿಟ್ಟು ಪೂಜೆ ಮುಗಿಸುವ ತನಕ ಮನೆಯಲ್ಲಿ ಯಾರೂ ತುತ್ತು ಮುಟ್ಟುವ ಹಾಗಿಲ್ಲ. ತಾತ ಬೇಕಂತಲೇ ತಡ ಮಾಡ್ತಾರೆ ಅಂತ ಸಿಂಧು, ನಾನಲ್ಲ ಕಣಮ್ಮಿ ಶಿವ ತಡ ಮಾಡ್ತಾನೆ ಅಂತ ಅವರು. ಅಡುಗೆಮನೆ ಬೆಳಗ್ಗೆ ಸೊಸೆ ಶೋಭಳದು, ಸಂಜೆ ನನ್ನದು. ಬೆಳಗ್ಗೆ ಅವಳ ಉಪ್ಪಿಟ್ಟು, ಸಂಜೆ ನನ್ನ ಮುದ್ದೆ ಮತ್ತು ಹುರುಳಿ ಸಾರು. ಎರಡರ ಬಗ್ಗೆಯೂ ನನ್ನ ಮಗ ಮಾದೇವ ಬಾಯಿ ಬಿಡುತ್ತಿರಲಿಲ್ಲ. ಬಿಟ್ಟರೆ ಒಂದು ಹೊತ್ತಿನ ಊಟ ಕೆಡುತ್ತದೆ ಅಂತ ಅವನಿಗೆ ಗೊತ್ತಿತ್ತು. ಹಿತ್ತಿಲಲ್ಲಿ ಬಾಳೆ, ಬಾಳೆ ದಾಟಿದರೆ ಹೊಲ, ಹೊಲ ದಾಟಿದರೆ ಕಾಡು. ಆನೆ ಬಂದ ಬೆಳಗ್ಗೆ ಬಾಳೆ ಇರುತ್ತಿರಲಿಲ್ಲ, ಅಷ್ಟೆ. ಅದಕ್ಕೆ ನಾವು ದೊಡ್ಡ ಗಲಾಟೆ ಮಾಡುತ್ತಿರಲಿಲ್ಲ.

ಅಂಗಳದ ನಟ್ಟನಡುವೆ ಒಂದು ಮರ. ನೋಡೋಕೆ ಈಚಲು. ಆದರೆ ಈಚಲಿನ ಹಾಗೆ ಹಣ್ಣಿಲ್ಲ, ಹೆಂಡವಿಲ್ಲ. ಊರಿನವರು ಅದಕ್ಕೆ ಗೊಡ್ಡೀಚಲು ಅನ್ನುತ್ತಿದ್ದರು. ನಮ್ಮ ಮದುವೆಯಾದ ಮೂರನೇ ವರ್ಷ ಯಜಮಾನರು ಬತ್ತೇರಿ ಸಂತೆಗೆ ಹುರುಳಿ ಹಾಕಿಕೊಂಡು ಹೋದವರು, ಅಲ್ಲಿಯ ಮಲೆಯಾಳಿ ಸ್ನೇಹಿತನ ಹಿತ್ತಿಲಿಂದ ಮೊಳದುದ್ದದ ಸಸಿ ತಂದು ನೆಟ್ಟಿದ್ದರು. ಅದರ ಬೀಜ ಅರೆದು ಹಿಟ್ಟು ಮಾಡಿ ಮಲೆಯಾಳಿಗಳು ಉಣ್ಣುತ್ತಾರಂತೆ, ನಮಗೆ ಅದರ ಗೊಡವೆ ಬೇಡ, ಅಂಗಳಕ್ಕೆ ಅಂದ ಅಂದಿದ್ದರು. ಅಂದವೇನೋ ಹೌದು. ಮೂವತ್ತು ಚಿಲ್ಲರೆ ವರ್ಷಕ್ಕೆ ಎರಡಾಳೆತ್ತರ ಆಗಿ, ತಲೆ ತುಂಬ ಗರಿ ಬಿಟ್ಟು ನಿಂತಿತ್ತು. ಕೆಲವು ಬೇಸಿಗೆಗೆ ಅದರ ನೆತ್ತಿಯಲ್ಲಿ ಹಸಿರು ಗರಿಯ ಬದಲು ಗಿಡ್ಡಗಿಡ್ಡ ಕಂದು ಎಲೆಗಳು ಬರುತ್ತಿದ್ದವು, ಮುಟ್ಟಿದರೆ ಬೆಕ್ಕಿನ ಕಿವಿಯ ಹಾಗೆ ಮೆತ್ತಗೆ. ಆ ಎಲೆಗಳ ಅಂಚಿಗೆ ಅಕ್ಕಪಕ್ಕ ಗುಂಡುಗಳು ಕೂರುತ್ತಿದ್ದವು. ಅವು ನಿಂಬೆಹಣ್ಣಿನ ಗಾತ್ರಕ್ಕೆ ಬೆಳೆದು, ಹಳದಿಗೆ ತಿರುಗಿ, ಪಟಪಟ ಉದುರುತ್ತಿದ್ದವು. ನಾನು ಆಸೆಯಿಂದ ಆರಿಸಿ ನೆಡುತ್ತಿದ್ದೆ. ನನ್ನ ಕೈಗುಣ ದೊಡ್ಡದು ಅಂತ ಊರಲ್ಲಿ ಮಾತು. ಕುಂಬಳದ ಮೊದಲ ಬೀಜ ಊರೋಕೆ ಅಕ್ಕಪಕ್ಕದವರು ನನ್ನನ್ನೇ ಕರೆಯುತ್ತಿದ್ದರು. ಆದರೆ ಈ ಬೀಜ ಮಾತ್ರ ಒಂದೂ ಮೊಳೆಯಲಿಲ್ಲ. ಗೊಬ್ಬರ ಹಾಕಿದೆ, ಬೂದಿ ಹಾಕಿದೆ, ಸಗಣಿಯಲ್ಲಿ ಉರುಳಿಸಿ ಹಾಕಿದೆ. ಅಗೆದು ನೋಡಿದರೆ ಒಳಗೆ ಟೊಳ್ಳು.

ಯಜಮಾನರ ಅಕ್ಕ, ಹರವೆಗೆ ಕೊಟ್ಟವರು, ನಮಗೆಲ್ಲ ಹರವೆ ಅತ್ತಿಗೆ. ವರ್ಷದಲ್ಲಿ ನಾಲ್ಕು ತಿಂಗಳು ತಮ್ಮನ ಮನೆಯಲ್ಲೇ ಇರುತ್ತಿದ್ದರು. ಮನಸ್ಸು ಒಳ್ಳೇದು, ನಾಲಿಗೆ ಬೇರೆ ಊರಿನದು. ನನಗೆ ಮದುವೆಯಾಗಿ ಒಂಬತ್ತು ವರ್ಷ ಮಕ್ಕಳಾಗಲಿಲ್ಲ. ಅಂಗಳಕ್ಕೆ ಮರ ಬಂದ ಮೇಲಂತೂ ಅವರು ಬಂದಾಗಲೆಲ್ಲ ಜಗಲಿ ಮೇಲೆ ಕೂತು ಮರ ನೋಡೋರು, ನನ್ನನ್ನು ನೋಡೋರು, 'ಒಳಗೊಂದು, ಹೊರಗೊಂದು' ಅನ್ನೋರು. ತಮ್ಮನಿಗೆ ಬೇರೆ ಹೆಣ್ಣು ನೋಡಿಕೊಂಡೂ ಬಂದಿದ್ದರು. ಇವರು ಬೇಡ ಅನ್ನಲಿಲ್ಲ, ಹೂಂ ಅನ್ನಲಿಲ್ಲ, ಎತ್ತು ಹೂಡಿಕೊಂಡು ಹೊಲಕ್ಕೆ ಹೋದರು. ಆಮೇಲೆ ಮಾದೇವ ಹುಟ್ಟಿದ. ಆ ಮಾತು ನಿಂತಿತು. ಮರದ್ದು ಮಾತ್ರ ಉಳಿಯಿತು.

ಸಿಂಧುಗೆ ಹನ್ನೆರಡಾದ ವರ್ಷ ಮಾಗಿಯಲ್ಲಿ ಸ್ಕೂಲಿನವರು ಮಕ್ಕಳನ್ನು ಊಟಿಗೆ ಕರಕೊಂಡು ಹೋಗಿದ್ದರು. ಸಿಂಧು ಅಲ್ಲಿಂದ ಕ್ಯಾರೆಟ್ಟು, ನೀಲಗಿರಿ ಎಣ್ಣೆ ತರುತ್ತಾಳೆ ಅಂತ ಕಾದಿದ್ದರೆ, ಕಟ್ಟಿಗೆಯಲ್ಲಿ ಕೆತ್ತಿದ ಹೂವಿನ ಹಾಗಿರುವ ಒಂದು ಕಾಯಿ ತಂದಿದ್ದಳು. ಪೈನ್ ಮರದ್ದಂತೆ. ಒಂದರ ಮೇಲೊಂದು ಚಿಪ್ಪುಚಿಪ್ಪಾಗಿ ಬಿಚ್ಚಿಕೊಂಡಿತ್ತು. ಶೋಭ ಅದನ್ನು ಟೀವಿ ಮೇಲೆ ಇಟ್ಟಳು. ಹರವೆ ಅತ್ತಿಗೆಗೆ ಕಾಡಿನ ವಸ್ತು ಮಡಿಯಿಲ್ಲದೆ ಮನೆಯೊಳಗೆ ಇರಬಾರದು. ಬೆಳಗ್ಗೆ ಎದ್ದವರೇ ಹಂಡೆ ನೀರಲ್ಲಿ ಅದ್ದಿ, ಉಜ್ಜಿ ತೊಳೆದು ಮತ್ತೆ ಅಲ್ಲೇ ಇಟ್ಟರು. ಮಧ್ಯಾಹ್ನ ನೋಡಿದರೆ ಅದು ಮುಷ್ಟಿ ಬಿಗಿ ಹಿಡಿದ ಹಾಗೆ ಮುಚ್ಚಿಕೊಂಡುಬಿಟ್ಟಿತ್ತು. ಅತ್ತಿಗೆ ಬೆವರಿಬಿಟ್ಟರು.

"ಜೀವ ಅದೆ ಕಣಮ್ಮಿ ಇದ್ರಲ್ಲಿ. ನನ್ ಮೇಲೆ ಮುನಿಸ್ಕಂಡದೆ."

"ಮುನಿಸಲ್ಲ ಅಜ್ಜಿ," ಅಂದಳು ಸಿಂಧು. "ನೆಂದ್ರೆ ಮುಚ್ಕೊಳ್ತದೆ, ಒಣಗಿದ್ರೆ ಬಿಚ್ಕೊಳ್ತದೆ. ಒಣಗಿದ ದಿನ ಬಿಚ್ಚಿದ್ರೆ ತಾನೆ ಬೀಜ ಗಾಳೀಲಿ ದೂರ ಹೋಗೋದು? ಮಳೇಲಿ ಬಿಟ್ರೆ ಬುಡಕ್ಕೇ ಬೀಳ್ತದೆ."

ಜಗಲಿಯ ಬಿಸಿಲಿಗೆ ಇಟ್ಟೆವು. ಮಾರನೇ ದಿನ ಮತ್ತೆ ಹೂವಾಗಿ ಬಿಚ್ಚಿಕೊಂಡಿತು. ಆಗಿನಿಂದ ನಾನೂ ಸಿಂಧುವೂ ದಿನಕ್ಕೊಂದು ಸಲ ಅದನ್ನು ತೋಯಿಸುವುದು, ಒಣಗಿಸುವುದು. ನನ್ನ ಕೈಗೆ ಇಂಥ ಆಟದ ಸಾಮಾನು ಸಿಕ್ಕಿದ್ದು ಅದೇ ಮೊದಲು. ಅವಳ ವಿಜ್ಞಾನದ ಪುಸ್ತಕದಲ್ಲಿ ಅದರ ಚಿತ್ರ ಇತ್ತು, ಶಂಕು ಅಂತ ಹೆಸರು. ಸಂಜೆ ನಾನು ಮುದ್ದೆ ತೊಳಸುವಾಗ ಅವಳು ಒಲೆ ಪಕ್ಕ ಕೂತು ಗಟ್ಟಿಯಾಗಿ ಓದೋಳು, ನನಗೆ ಅರ್ಥವಾಗೋ ತನಕ ಹೇಳೋಳು.

"ಮಾವು, ಬದನೆಕಾಯಿ, ಅವರೆ, ಇವೆಲ್ಲ ಬೀಜಾನ ಹೊಟ್ಟೆಯೊಳಗೆ ಮುಚ್ಚಿಟ್ಕೊಂಡಿರ್ತವೆ ಅಜ್ಜಿ. ಶಂಕು ಬಿಡೋ ಮರಗಳು ಹಂಗಲ್ಲ. ಬೀಜ ಬರೀ ಮೈಲಿ ಹೊರಗೇ ಕೂತಿರ್ತದೆ. ಸಿಪ್ಪೆ ಇಲ್ಲ, ತಿರುಳಿನ ಕಾಯಿ ಇಲ್ಲ."

"ನಾಚ್ಕೆ ಇಲ್ಲದ ಮರ ಅನ್ನು," ಅಂದರು ಅತ್ತಿಗೆ, ಅಡಿಕೆ ಕತ್ತರಿಸುತ್ತ.

"ಹೂವೂ ಇಲ್ಲ. ಗಂಡು ಶಂಕು ಒಂದು, ಹೆಣ್ಣು ಶಂಕು ಒಂದು. ಗಂಡಿನ ಧೂಳು ಗಾಳೀಲಿ ಹಾರಿ ಹೋಗಿ ಹೆಣ್ಣಿನ ಬೀಜಕ್ಕೆ ಸೇರ್ತದೆ. ಆಮೇಲೇ ಬೀಜಕ್ಕೆ ಜೀವ."

ಹೇಳುತ್ತ ಹೇಳುತ್ತ ಹುಡುಗಿ ಬಾಗಿಲಿಂದಾಚೆ ಅಂಗಳದ ಕಡೆ ನೋಡಿದಳು. ನಾನೂ ಮುದ್ದೆಕೋಲು ಹಿಡಿದುಕೊಂಡೇ ನೋಡಿದೆ. ಇಬ್ಬರಿಗೂ ಒಂದೇ ಸಲ ಹೊಳೆಯಿತು. ನಮ್ಮ ಮರದ ಬೀಜವೂ ಬರೀ ಮೈಯಲ್ಲಿ, ಎಲೆಯ ಅಂಚಿಗೆ ಕೂತಿರುತ್ತದಲ್ಲ. ಆವತ್ತು ಮುದ್ದೆ ಗಂಟುಗಂಟಾಯಿತು. ಮಾದೇವ ತಿಂದ, ಬಾಯಿ ಬಿಡಲಿಲ್ಲ.

ಅವಳು ವಿಜ್ಞಾನದ ಮೇಷ್ಟ್ರನ್ನು ಕೇಳಿದಳು. ಆ ಮೇಷ್ಟ್ರು ಪುಣ್ಯಾತ್ಮ, ಬೈಕಿನಲ್ಲಿ ಮನೆಗೇ ಬಂದು ಮರದ ಸುತ್ತ ಎರಡು ಸುತ್ತು ಹಾಕಿ, ಕಾಫಿ ಕುಡಿಯುತ್ತ ಹೇಳಿದರು. ಇದು ಪೈನಿನ ಜಾತಿಯ ದೂರದ ನೆಂಟ, ಬಹಳ ಹಳೇ ವಂಶ. ಈ ವಂಶದಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ. ನಿಮ್ಮದು ಹೆಣ್ಣು. ಗಂಡು ಮರದ ನೆತ್ತಿಯಲ್ಲಿ ಅನಾನಸಿನ ಹಾಗೆ ಒಂದೇ ಒಂದು ಉದ್ದನೆಯ ಶಂಕು ಏಳುತ್ತದೆ, ಅದು ಧೂಳು ಉದುರಿಸುತ್ತದೆ. ಆ ಧೂಳು ಗಾಳಿಯಲ್ಲೋ ಸಣ್ಣ ಹುಳುಗಳ ಮೈಮೇಲೋ ಬಂದು ಸೇರಬೇಕು. ಸುತ್ತ ಎಲ್ಲೂ ಗಂಡು ಮರ ಇಲ್ಲದಿದ್ದರೆ ಬೀಜ ಮೈ ತುಂಬಿಕೊಳ್ಳುತ್ತದೆ, ಒಳಗೆ ಜೀವ ಇರೋದಿಲ್ಲ.

ಯಜಮಾನರು ನಕ್ಕರು.

"ಮರಕ್ಕೂ ಗಂಡು ಹುಡುಕ್ಬೇಕಾ ಮೇಷ್ಟ್ರೆ? ಮೂವತ್ತು ವರ್ಷ ಆಯ್ತು ಕಣ್ರೀ ಇದ್ಕೆ, ವಯಸ್ಸು ಮೀರದೆ."

"ಪರಂಗಿ ಗಿಡದಲ್ಲಿ ಇಲ್ವಾ?" ಅಂದೆ ನಾನು. "ಗಂಡು ಪರಂಗಿ ಅಂತ ಹೇಳಿ ನೀವೇ ಕಡಿದು ಬಿಸಾಕ್ತೀರಲ್ಲ."

ಹೊರಗಿನವರ ಎದುರು ನಾನು ಅವರ ಮಾತಿಗೆ ಮಾತು ಕೊಟ್ಟದ್ದು ಅದೇ ಮೊದಲು. ನನಗಂತೂ ಎಷ್ಟು ವರ್ಷದ್ದೋ ಒಂದು ಗಂಟು ಸಡಿಲಾದ ಹಾಗಾಯಿತು. ನನ್ನ ಕೈಗುಣ ಕೆಟ್ಟಿರಲಿಲ್ಲ. ಮರದಲ್ಲೂ ಊನ ಇರಲಿಲ್ಲ. ಸುತ್ತ ಯಾರೂ ಇರಲಿಲ್ಲ, ಅಷ್ಟೆ.

ಇಷ್ಟು ಗೊತ್ತಾದ ಹೊತ್ತು ಒಳ್ಳೆಯದಲ್ಲ. ಅದೇ ತಿಂಗಳು ಮಾದೇವ ಅಂಗಳಕ್ಕೆ ಸಿಮೆಂಟು ಹಾಕಿಸುವ ಮಾತೆತ್ತಿದ್ದ. ಬೇಯಿಸಿದ ಅರಿಶಿನವನ್ನು ಮಣ್ಣಲ್ಲಿ ಒಣಗಿಸಿದರೆ ಮಣ್ಣು ಮೆತ್ತುತ್ತದೆ, ಮುಂದಿನ ಬೆಳೆಯ ಹೊತ್ತಿಗೆ ಸಿಮೆಂಟಿನ ಕಣ ಬೇಕೇ ಬೇಕು, ಕಣದ ನಡುವೆ ಮರ ನಿಂತರೆ ಅರ್ಧ ಕಣ ನೆರಳು. ಅವನ ಮಾತಲ್ಲಿ ತಪ್ಪಿರಲಿಲ್ಲ. ಅತ್ತಿಗೆ ಅದಕ್ಕೆ ಒಗ್ಗರಣೆ ಹಾಕಿದರು.

"ಕಡ್ದಾಕ್ಲಾ ಮಾದೇವ. ಗೊಡ್ಡು ಮರ ಮನೆ ಮುಂದೆ ಇರಬಾರ್ದು. ಆನೇನೂ ಮೂಸಿ ನೋಡಿ ಹೋದ ಮರ, ಮನುಷ್ಯರಿಗ್ಯಾಕೆ?"

ಯಜಮಾನರು ಹೂಂ ಅಂದುಬಿಟ್ಟರು. ಸಿಂಧು ಊಟ ಬಿಟ್ಟಳು. ನಾನು ಬಿಡಲಿಲ್ಲ. ಜಗಳಕ್ಕೆ ಹೊಟ್ಟೆ ತುಂಬಿರಬೇಕು. ಎರಡು ದಿನ ಸಣ್ಣಗೆ ಗೊಣಗಿ, ಮೂರನೇ ದಿನ ಪೂಜೆ ಮುಗಿಸಿ ಬಂದವರ ಎದುರು ತಟ್ಟೆ ಇಡದೆ ನಿಂತು, ಒಂದು ಒಪ್ಪಂದ ಮಾಡಿಸಿಕೊಂಡೆ.

"ಈ ಬೇಸಿಗೆ ಒಂದು ಬೀಜ ಬುಡ್ಲಿ. ಒಂದೇ ಒಂದು ಮೊಳೀಲಿ, ಮರ ನಿಂತ್ಕಳ್ಲಿ. ಮೊಳೀಲಿಲ್ಲ ಅಂದ್ರೆ ನಾನೇ ಕೊಡಲಿ ತಂದ್ಕೊಡ್ತೀನಿ."

"ಆಯ್ತು ಕಣಮ್ಮಿ, ಮೊದ್ಲು ಉಣ್ಣಕ್ಕಿಕ್ಕು," ಅಂದರು.

ಒಪ್ಪಂದವೇನೋ ಆಯಿತು, ಗಂಡು ಮರ ಎಲ್ಲಿದೆ? ಮೇಷ್ಟ್ರು ಅಲ್ಲಿ ಇಲ್ಲಿ ವಿಚಾರಿಸಿದರು, ಸಿಗಲಿಲ್ಲ. ಬತ್ತೇರಿಯ ಸ್ನೇಹಿತ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಯುಗಾದಿ ಕಳೆಯಿತು. ನಮ್ಮ ಮರದ ನೆತ್ತಿಯಲ್ಲಿ ಕಂದು ಎಲೆಗಳು ಎದ್ದವು, ಒಂದೊಂದಾಗಿ ಸಡಿಲಗೊಂಡವು, ಗುಂಡುಗಳು ಕಾಣಿಸಿದವು. ಸಿಂಧು ಸ್ಕೂಲಿಂದ ಬಂದವಳೇ ಅರಿಶಿನ ಬೇಯಿಸುವ ಡ್ರಮ್ಮನ್ನು ಬೋರಲು ಹಾಕಿ ಹತ್ತಿ ನೋಡೋಳು, ಇಳಿಯೋಳು, ನನ್ನ ಮುಖ ನೋಡೋಳು. ಇನ್ನು ಹತ್ತು ಹದಿನೈದು ದಿನದಲ್ಲಿ ಧೂಳು ಬರದಿದ್ದರೆ ಈ ವರ್ಷದ ಮಾತು ಮುಗಿಯಿತು ಅಂತ ಮೇಷ್ಟ್ರು ಹೇಳಿದ್ದರು.

ಅಂಥ ಹೊತ್ತಲ್ಲಿ ಹರವೆ ಅತ್ತಿಗೆ ಒಂದು ಸುದ್ದಿ ತಂದರು. ಚಾಮರಾಜನಗರದಲ್ಲಿ ಅವರ ಮಗಳ ಬೀಗರ ಮನೆ ಇದೆ. ಆ ಮನೆಯ ಅಂಗಳದ ಮರದೊಳಗಿಂದ ತಾನಾಗಿ ಲಿಂಗ ಎದ್ದಿದೆ. ದಿನಾ ಪೂಜೆ ನಡೆಯುತ್ತಿದೆ. ಲಿಂಗದ ಮೈಯಿಂದ ತಾನೇ ಭಸ್ಮ ಉದುರುತ್ತಿದೆ, ಅದನ್ನೇ ಪ್ರಸಾದ ಕೊಡುತ್ತಾರೆ. ಹೋಗಿ ಬರನ ಬಾ ಅಂತ ನನ್ನನ್ನು ಹೊರಡಿಸಿದರು. ಭಾನುವಾರ, ಸಿಂಧುವೂ ಜೊತೆಗೆ ಹತ್ತಿದಳು. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದೊಳಗೆ ತಲುಪಿದೆವು.

ಆ ಮನೆಯವರು ನಮ್ಮವರೇ, ಶಿವಭಕ್ತರು. ಅಂಗಳದಲ್ಲಿ ಚಪ್ಪರ ಹಾಕಿ, ನೆಲ ಸಾರಿಸಿ ರಂಗೋಲಿ ಬಿಟ್ಟಿದ್ದರು. ಚಪ್ಪರದಡಿ ನಮ್ಮ ಅಂಗಳದ್ದೇ ಮರ, ಎತ್ತರ ಮಾತ್ರ ಸೊಂಟದಷ್ಟು. ಗರಿಗಳ ನಡುವಿಂದ ಒಂದು ಮೊಳಕ್ಕಿಂತ ಎತ್ತರವಾಗಿ, ದಪ್ಪಗೆ, ಕಂದು ಬಣ್ಣಕ್ಕೆ, ಮೇಲಕ್ಕೆ ಚೂಪಾಗಿ ಅದು ಎದ್ದು ನಿಂತಿತ್ತು. ಮೈತುಂಬ ಅನಾನಸಿನ ಹಾಗೆ ಚಿಪ್ಪುಗಳು. ಮೂರು ಬೆರಳಿನ ವಿಭೂತಿ ಬಳಿದು, ಬಿಲ್ವಪತ್ರೆ ಏರಿಸಿದ್ದರು. ಸುತ್ತ ಹೆಂಗಸರು ಕೂತು ಶಿವ ಶಿವಾ ಅನ್ನುತ್ತಿದ್ದರು. ಒಂದು ಥರದ ಗಾಢ ವಾಸನೆ ಇತ್ತು, ಹಲಸಿನಹಣ್ಣು ಕಳಿತ ಹಾಗೆ. ಸಿಂಧು ನನ್ನ ಕೈಯನ್ನು ಎಷ್ಟು ಜೋರಾಗಿ ಹಿಚುಕಿದಳು ಅಂದರೆ ಒಂದು ಬಳೆ ಒಡೆಯಿತು.

"ಅಜ್ಜಿ, ಗಂಡು ಮರ."

"ಗೊತ್ತಾಯ್ತು. ಬಾಯ್ಮುಚ್ಚು."

"ಆ ಭಸ್ಮ ಭಸ್ಮ ಅಲ್ಲ ಅಜ್ಜಿ..."

"ಬಾಯ್ಮುಚ್ಚು ಅಂದ್ನಲ್ಲ. ಕೈ ಮುಗಿ ಮೊದ್ಲು."

ಭಕ್ತಿ ಇರುವ ಮನೆಯಲ್ಲಿ ನಿಂತು ಪಾಠ ಹೇಳಬಾರದು. ಅಲ್ಲದೆ ಅವರು ತಪ್ಪೇನು ಹೇಳಿದರು? ಜೀವ ಕೊಡುವುದಕ್ಕೆ ಕೈ ಮುಗಿದಿದ್ದರು. ನಾನೂ ಮನಸ್ಸಿಟ್ಟು ಮುಗಿದೆ. ಆ ಮನೆಯ ಹಿರಿಯರು ಬಾಳೆಎಲೆಯ ಮೇಲೆ ಉದುರಿದ್ದ ಹಳದಿ ಪುಡಿಯನ್ನು ಒಣಗಿದ ಬೆರಳಿಂದ ತೆಗೆದು, ಕಾಗದದ ಪೊಟ್ಟಣ ಕಟ್ಟಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರು. ನಾನು ಸೆರಗೊಡ್ಡಿ ಎರಡು ಬೇಡಿದೆ.

"ಇನ್ನೊಂದು ಯಾರಿಗಮ್ಮ?"

"ಮನೇಲಿ ಒಬ್ಳು ಅವ್ಳೆ ಸ್ವಾಮಿ. ಬಹಳ ವರ್ಷ ಆದ್ರೂ ಮಕ್ಕಳಾಗ್ಲಿಲ್ಲ."

ಸುಳ್ಳಲ್ಲವಲ್ಲ. ಹಿರಿಯರು ಕಣ್ಣು ಮುಚ್ಚಿ, ಫಲ ಆಗಲಿ ತಾಯಿ ಅಂತ ಹರಸಿ ಕೊಟ್ಟರು. ಬಸ್ಸಿನಲ್ಲಿ ಅತ್ತಿಗೆ, ಯಾರಿಗೆ ಮಕ್ಕಳಾಗದ್ದು, ನಮ್ಮನೇಲಿ ಯಾರಿದ್ದಾರೆ ಅಂತ ಗುಂಡ್ಲುಪೇಟೆ ತನಕ ಲೆಕ್ಕ ಹಾಕಿದರು. ಸಿಂಧು ಕಿಟಕಿ ಕಡೆ ತಿರುಗಿ ನಗುತ್ತಿದ್ದಳು.

ಮನೆಗೆ ಬಂದು ವಿಷಯ ಹೇಳಿದ ಮೇಲೆ ಶುರುವಾಯಿತು. ಯಜಮಾನರಿಗೆ ನಿಜವಾಗಿಯೂ ಸಿಟ್ಟು ಬಂತು. ಲಿಂಗದ ಪ್ರಸಾದವನ್ನು ಹಣೆಗೆ ಇಡಬೇಕು, ಬಾಯಿಗೆ ಹಾಕಿಕೊಳ್ಳಬೇಕು. ಮರದ ನೆತ್ತಿಗೆ ಸುರಿದರೆ ಅಪಚಾರ. ಅತ್ತಿಗೆಯಂತೂ ಪೊಟ್ಟಣವನ್ನು ನನ್ನ ಕೈಯಿಂದ ಕಿತ್ತುಕೊಳ್ಳೋಕೇ ಬಂದರು.

"ಪ್ರಸಾದ ಯಾರಿಗೆ ಬೇಕೋ ಅವ್ರಿಗೆ ಸೇರ್ಬೇಕು ಅತ್ಗೆಮ್ಮ," ಅಂದೆ. "ನನ್ ಹಣೆಗೆ ಇಟ್ರೆ ಬೆಳಗ್ಗೆ ಮುಖ ತೊಳ್ದಾಗ ಹೋಯ್ತದೆ. ಅದರ ಹಣೆಗೆ ಇಟ್ರೆ ಉಳೀತದೆ."

ಯಜಮಾನರು ದೇವರ ಕೋಣೆಗೆ ಎದ್ದು ಹೋದರು. ಅದನ್ನು ನಾನು ಒಪ್ಪಿಗೆ ಅಂತಲೇ ತೆಗೆದುಕೊಂಡೆ.

ಬೆಳಗ್ಗೆ ಬಿಸಿಲು ಏರುವ ಮುಂಚೆ ಸಿಂಧು ಡ್ರಮ್ಮಿನ ಮೇಲೆ ಸ್ಟೂಲು ಇಟ್ಟು ಹತ್ತಿದಳು. ಮಾದೇವ ಅಡಿಯಲ್ಲಿ ಸ್ಟೂಲು ಹಿಡಿದುಕೊಂಡ. ಮರ ಹೋಗಬೇಕು ಅನ್ನುವವನೇ ಆದರೂ ಮಗಳು ಬೀಳಬಾರದಲ್ಲ. ಅವಳು ಮೇಲಿಂದ ಕೂಗಿದಳು, ಅಜ್ಜಿ, ಪ್ರತಿ ಗುಂಡಿನ ತುದೀಲೂ ಒಂದೊಂದು ಹನಿ ಇದೆ, ಇಬ್ಬನಿ ಹಾಗೆ. ಅದು ಇಬ್ಬನಿ ಅಲ್ಲ. ಬೀಜವೇ ತನ್ನ ಬಾಯಲ್ಲಿ ಒಂದು ಹನಿ ಹಿಡಿದುಕೊಂಡು ಕಾಯುತ್ತದಂತೆ. ಗಾಳಿಯಲ್ಲಿ ಬಂದ ಧೂಳು ಆ ಹನಿಗೆ ಅಂಟಿಕೊಳ್ಳಬೇಕು. ಆಮೇಲೆ ಹನಿ ಒಣಗುತ್ತ ಒಣಗುತ್ತ ಧೂಳನ್ನು ಒಳಗೆ ಎಳೆದುಕೊಳ್ಳುತ್ತದೆ. ಮೇಷ್ಟ್ರು ಹೇಳಿದಾಗ ನಂಬಿರಲಿಲ್ಲ. ಈಗ ಅವಳು ನನ್ನನ್ನೂ ಹತ್ತಿಸಿದಳು. ಅರವತ್ತರ ಹತ್ತಿರದ ಹೆಂಗಸು, ಸೀರೆ ಎತ್ತಿ ಕಟ್ಟಿ, ಡ್ರಮ್ಮಿನ ಮೇಲಿನ ಸ್ಟೂಲಿನ ಮೇಲೆ. ಬೀದಿಯವರು ನಿಂತು ನೋಡುತ್ತಿದ್ದರು. ನೋಡಲಿ ಅಂದುಕೊಂಡೆ. ಮೆತ್ತನೆಯ ಕಂದು ಎಲೆ, ಅದರ ಅಂಚಿಗೆ ಬರೀ ಮೈಯ ಬೀಜ, ಬೀಜದ ತುದಿಗೆ ಸಾಸಿವೆಯಷ್ಟು ಬೆಳ್ಳನೆಯ ಹನಿ. ಮೂವತ್ತು ವರ್ಷ ನನ್ನ ಮನೆ ಮುಂದೆಯೇ ಈ ಮರ ಬಾಯಲ್ಲಿ ಹನಿ ಹಿಡಿದು ಕಾಯುತ್ತಿತ್ತು, ನಾನು ಕೆಳಗೆ ಕಸ ಗುಡಿಸುತ್ತಿದ್ದೆ. ಪರಂಗಿ ಎಲೆಯ ದಂಟು ಒಳಗೆ ಟೊಳ್ಳು, ಕೊಳವೆಯ ಹಾಗೆ. ಅದರೊಳಗೆ ಪುಡಿ ತುಂಬಿ ನಾನೂ ಸಿಂಧುವೂ ಸರದಿಯ ಮೇಲೆ ಮೆಲ್ಲಗೆ ಊದಿದೆವು. ಮೂರು ಬೆಳಗ್ಗೆ ಹಾಗೆ ಮಾಡಿದೆವು. ಮೂರನೇ ಬೆಳಗ್ಗೆ ಪುಡಿ ಮುಗಿದಿತ್ತು. ಯಜಮಾನರು ದೇವರ ಕೋಣೆಯಿಂದ ಬಂದು ಒಂದು ಪೊಟ್ಟಣ ಚಾಚಿದರು. ಅವರ ಹಣೆಗೆ ಅಂತ ಅಕ್ಕ ಕೊಟ್ಟಿದ್ದ ಪ್ರಸಾದ ಅದು.

ಆಮೇಲೆ ಕಾಯುವುದು. ಇದು ಅವಸರದ ಮರವಲ್ಲ. ಧೂಳು ಒಳಗೆ ಹೋದ ಮೇಲೂ ತಿಂಗಳುಗಟ್ಟಲೆ ಹಾಗೇ ಕೂತು, ಬೇರಿನ ಹಾಗೆ ಸಣ್ಣಗೆ ಚಾಚಿಕೊಂಡು, ಯಾವಾಗಲೋ ಒಂದು ದಿನ ಜೀವ ಕೂಡುತ್ತದಂತೆ. ಆ ಮಳೆಗಾಲವೆಲ್ಲ ನಾನು ಬಸುರಿ ಮಗಳನ್ನು ಮನೆಗೆ ತಂದ ತಾಯಿಯ ಹಾಗೆ ಇದ್ದೆ. ಬುಡಕ್ಕೆ ಅಕ್ಕಿ ತೊಳೆದ ನೀರು, ಮೊಳಕೆ ಕಟ್ಟಿದ ಹುರುಳಿ ಬಸಿದ ನೀರು. ಶೋಭ ಒಂದು ದಿನ ತಾನಾಗಿಯೇ ಹಸಿರು ಬಳೆ ತಂದು ಕೆಳಗಿನ ಗರಿಗೆ ಸಿಕ್ಕಿಸಿದಳು. ಅತ್ತೆಗೂ ಸೊಸೆಗೂ ಅಡುಗೆಮನೆಯಲ್ಲಿ ಆಗದ ಸ್ನೇಹ ಅಂಗಳದಲ್ಲಿ ಆಯಿತು. ಆ ತಿಂಗಳು ಸಂಜೆಯ ಒಲೆಯ ಮುಂದೆಯೂ ನಾವಿಬ್ಬರೂ ಒಟ್ಟಿಗೇ ಕೂತೆವು.

ಸಂಕ್ರಾಂತಿಯ ಹೊತ್ತಿಗೆ ಬೀಜ ಹಳದಿಯಾಗಿ ಉದುರಿತು. ಅಷ್ಟರಲ್ಲಿ ಅರಿಶಿನ ಕೀಳುವ ಹೊತ್ತೂ ಬಂತು. ಮಾದೇವ ಜಲ್ಲಿ, ಮರಳು ತರಿಸಿ ರಾಶಿ ಹಾಕಿಸಿದ. ಗಾರೆಯವನು ಬಂದು ದಾರದ ಒಂದು ತುದಿ ಮಾದೇವನ ಕೈಗೆ ಕೊಟ್ಟು ಅಳತೆ ಮಾಡಿದ. ದಾರ ಮರದ ಬುಡಕ್ಕೆ ತಾಗಿತು.

"ಅವ್ವ, ಬೀಜ ನೆಟ್ಟು ಮೊಳೆಯೋಕೆ ಇನ್ನೂ ಎಷ್ಟು ತಿಂಗ್ಳು?"

"ಮೇಷ್ಟ್ರು ಹೇಳವ್ರೆ, ಮಳೆ ಬರೋಗಂಟ ಆಗ್ಬೋದು."

"ಅಲ್ಲಿಗಂಟ ಅರಿಶಿನ ಕಾಯ್ತದಾ?"

ನಾನು ಒಳಗೆ ಹೋಗಿ ಬಿತ್ತನೆ ಬೀಜ ನೋಡುವ ಹಿತ್ತಾಳೆಯ ಕೊಳಗ ತಂದು ನೀರು ತುಂಬಿಸಿ ಜಗಲಿ ಮೇಲಿಟ್ಟೆ. ನಮ್ಮಲ್ಲಿ ಯಾವ ಬೀಜವನ್ನೂ ನೀರಿಗೆ ಹಾಕದೆ ಬಿತ್ತುವುದಿಲ್ಲ. ತೇಲಿದ್ದು ಜೊಳ್ಳು, ಮುಳುಗಿದ್ದು ಗಟ್ಟಿ. ಹೊರಸಿಪ್ಪೆ ಸುಲಿದ ಬೀಜಗಳನ್ನು ಎಲ್ಲರ ಎದುರು ಒಂದೊಂದಾಗಿ ಹಾಕಿದೆ. ಮೊದಲನೆಯದು ತೇಲಿತು. ಎರಡನೆಯದೂ ತೇಲಿತು. ಅತ್ತಿಗೆ ಉಸಿರು ಬಿಟ್ಟರು, ಬೇಸರದ್ದೋ ಸಮಾಧಾನದ್ದೋ ಗೊತ್ತಾಗಲಿಲ್ಲ. ಮೂರನೆಯದು ಟಣ್ ಅಂತ ತಳ ಮುಟ್ಟಿತು. ಒಟ್ಟು ಹದಿನೊಂದು ಮುಳುಗಿದವು. ಸಿಂಧು ಕೊಳಗದೊಳಗೆ ಕೈಯಿಟ್ಟು ಅವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

"ಮುಳುಗಿದ್ ಮಾತ್ರಕ್ಕೆ ಮೊಳೆಯಲ್ಲ ಅವ್ವ," ಅಂದ ಮಾದೇವ. "ಮೊಳೀಲಿ ಅಂತ ತಾನೆ ನೀನು ಹೇಳಿದ್ದು?"

ಹೌದು, ಹಾಗೇ ಹೇಳಿದ್ದೆ. ನನ್ನ ಮಾತೇ ನನಗೆ ಅಡ್ಡ ಬಂತು. ಆಗ ನಾನು ಅವರಪ್ಪನ ಕಡೆ ತಿರುಗಿದೆ. ಕೂಗಲಿಲ್ಲ, ಅಳಲಿಲ್ಲ. ಸಾರಿಗೆ ಉಪ್ಪು ಸಾಕಾ ಅಂತ ಕೇಳುವ ದನಿಯಲ್ಲೇ ಹೇಳಿದೆ.

"ಎಂಟನೇ ವರ್ಷಕ್ಕೆ ಅತ್ಗೆಮ್ಮ ಹೆಣ್ಣು ನೋಡ್ಕಂಡು ಬಂದಿದ್ರು. ಆವತ್ತು ನೀವು ಹೂಂ ಅಂದಿದ್ರೆ, ಇವತ್ತು ಇಲ್ಲಿ ದಾರ ಹಿಡ್ಕಂಡು ನಿಂತಿರೋನು ಹುಟ್ತಿರ್ಲಿಲ್ಲ. ಇನ್ನೊಂದು ವರ್ಷ ತಡದ್ರಿ. ಇದಕ್ಕೂ ಒಂದು ಮಳೆಗಂಟ ತಡೀರಿ."

ಅತ್ತಿಗೆ ಅಡಿಕೆಯ ಚೀಲದ ಬಾಯಿ ಕಟ್ಟಿದರು, ಬಿಚ್ಚಿದರು, ಕಟ್ಟಿದರು. ಯಜಮಾನರು ಎದ್ದು ಕೊಳಗದ ಹತ್ತಿರ ಬಂದು, ಬಗ್ಗಿ, ತಳದಲ್ಲಿ ಕೂತ ಬೀಜಗಳನ್ನು ನೋಡಿದರು. ಆಮೇಲೆ ಗಾರೆಯವನಿಗೆ ಹೇಳಿದರು.

"ನೋಡಪ್ಪ, ಆ ದಾರ ಬಿಚ್ಚು. ಮರದ ಸುತ್ತ ಒಂದು ಮಾರು ಬುಟ್ಟು, ಆ ಕಡೆಯಿಂದ ಹಾಕು. ನೀರಿಗೆ ಸುಳ್ ಹೇಳೋಕೆ ಬರಲ್ಲ."

ಮಾದೇವ ದಾರವನ್ನು ಬೆರಳಿಗೆ ಸುತ್ತಿಕೊಂಡ. ನನ್ನ ಕಡೆ ನೋಡಲಿಲ್ಲ. ಆದರೆ ಆವತ್ತು ಸಂಜೆ ಮುದ್ದೆ ಮುರಿಯುತ್ತ, ಸಾರು ಚೆನ್ನಾಗಿದೆ ಕಣವ್ವ ಅಂದ.

ಕಣ ಒಂದು ಕಡೆ ಮುಕ್ಕಾಗಿಯೇ ಆಯಿತು. ಅರಿಶಿನ ಅದರಲ್ಲೇ ಒಣಗಿತು, ಚೆನ್ನಾಗಿಯೇ ಒಣಗಿತು. ಹದಿನೊಂದು ಬೀಜವನ್ನು ಮರದ ನೆರಳಲ್ಲೇ ಮರಳು ಬೆರೆಸಿದ ಮಣ್ಣಲ್ಲಿ ಊರಿದೆ. ಫಾಲ್ಗುಣ ಹೋಯಿತು, ಚೈತ್ರ ಹೋಯಿತು. ದಿನಾ ಬೆಳಗ್ಗೆ ನಾನು ನೋಡುವ ಮುಂಚೆ ಅಲ್ಲಿ ಯಜಮಾನರ ಹೆಜ್ಜೆಗುರುತು ಇರುತ್ತಿತ್ತು. ಕಾರ್ ಹುಣ್ಣಿಮೆಯ ಹತ್ತಿರ, ಎರಡು ಮಳೆ ಬಿದ್ದ ಮೇಲೆ, ಸಿಂಧು ಹಲ್ಲುಜ್ಜುತ್ತಿದ್ದವಳು ಬಾಯಲ್ಲಿ ನೊರೆ ಇಟ್ಟುಕೊಂಡೇ ಓಡಿಬಂದು ನನ್ನ ಸೆರಗು ಎಳೆದಳು. ಬೀಜದ ಓಡು ಸೀಳಿ, ಬೇರು ಕೆಳಗೆ ಇಳಿದು, ಸುರುಳಿ ಸುತ್ತಿಕೊಂಡ ಒಂದೇ ಒಂದು ಎಳೆ ಗರಿ ಮೇಲಕ್ಕೆ ಎದ್ದಿತ್ತು, ಹಾಲುಹಸಿರು. ಬೀಜ ಇನ್ನೂ ಅದರ ಪಕ್ಕಕ್ಕೇ ಅಂಟಿಕೊಂಡಿತ್ತು, ಕಂಕುಳ ಬಿಡದ ಕೂಸಿನ ಹಾಗೆ. ನಾನು ಮಣ್ಣಲ್ಲೇ ಕೂತುಬಿಟ್ಟೆ. ನನಗೆ ನಗುವೋ ಅಳುವೋ ತಿಳಿಯಲಿಲ್ಲ. ಮಾದೇವ ಹುಟ್ಟಿದಾಗ ನೋವಿನಲ್ಲಿ ಸಂತೋಷ ಪಡೋಕೆ ಪುರುಸೊತ್ತು ಸಿಕ್ಕಿರಲಿಲ್ಲ. ಆ ಬಾಕಿಯನ್ನೂ ಸೇರಿಸಿ ಆವತ್ತು ಪಟ್ಟೆ. ಬೀದಿಗೆಲ್ಲ ಸಕ್ಕರೆ ಹಂಚಿದೆ. ತಿಂಗಳೊಳಗೆ ಏಳು ಮೊಳೆತವು.

ಹರವೆ ಅತ್ತಿಗೆ ಸುದ್ದಿ ಕೇಳಿ ಬಂದರು. ಕೈಯಲ್ಲಿ ಚೀಲ ಹಿಡಿದುಕೊಂಡೇ ಏಳು ಸಸಿಗಳನ್ನೂ ಒಂದೊಂದಾಗಿ ನೋಡಿದರು. ಜಗಲಿ ಮೇಲೆ ಕೂರಲಿಲ್ಲ. ನನ್ನ ಪಕ್ಕ, ನೆಲದ ಮೇಲೆ, ಮೊಣಕಾಲು ಹಿಡಿದು ಕೂತರು. ನನ್ನ ಮುಖ ನೋಡದೆ ಕೇಳಿದರು.

"ಒಂದು ಕೊಟ್ಟೀಯೇನಮ್ಮಿ? ಹರವೆ ಮನೆ ಮುಂದೆ ಇಡ್ತೀನಿ."

ದೊಡ್ಡದನ್ನೇ ಬೇರು ನೋಯದ ಹಾಗೆ ಮಣ್ಣು ಸಮೇತ ಅಗೆದು ಬಾಳೆಪಟ್ಟೆಯಲ್ಲಿ ಕಟ್ಟಿ ಅವರ ಮಡಿಲಿಗೆ ಇಟ್ಟೆ. ಅವರು ಎಳೆ ಗರಿಯನ್ನು ತೋರುಬೆರಳಲ್ಲಿ ಸವರಿದರು.

"ಇದು ಗಂಡಾ, ಹೆಣ್ಣಾ?"

"ಶಂಕು ಬುಟ್ಟಾಗ ಗೊತ್ತಾಯ್ತದೆ ಅತ್ಗೆಮ್ಮ. ಹತ್ತೋ ಹದಿನೈದೋ ವರ್ಷ."

"ಅಲ್ಲಿಗಂಟ ಏನ್ ಮಾಡ್ಲಿ?"

"ನೀರ್ ಉಯ್ಯಿ," ಅಂದೆ. "ಎರಡಕ್ಕೂ ಅದೇ ನೀರು."